ಹೊಗೆಯೊಳಗಿನ ಗಂಧಕ ಕಲ್ಲಾಗುವ ಬಗೆ

ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳ ಸುದ್ದಿ ಬಂದಾಗೆಲ್ಲ ಈಗ ಎಫ್‌ಜಿಡಿ ಅನ್ನುವ ಮೂರಕ್ಷರವೂ ಜೊತೆಗೇ ಬರುತ್ತದೆ. ಅದು ಬೇಕೇ ಬೇಕು ಅನ್ನುವವರು ಒಂದು ಕಡೆ, ಖರ್ಚು ಜಾಸ್ತಿ ಅನ್ನುವವರು ಇನ್ನೊಂದು ಕಡೆ. ಯಾರ ಮಾತು ಸರಿ ಎಂದು ಯೋಚಿಸುವ ಮೊದಲು ಆ ಯಂತ್ರ ಏನು ಮಾಡುತ್ತದೆ ಎಂಬುದು ಗೊತ್ತಿರಬೇಕು ಅಲ್ವಾ?

ಪೂರ್ತಿ ಹೆಸರು ಫ್ಲೂ ಗ್ಯಾಸ್ ಡೀಸಲ್ಫರೈಸೇಶನ್. ಬಾಯ್ಲರ್‌ನಲ್ಲಿ ಇಂಧನ ಉರಿದ ಮೇಲೆ ಚಿಮಣಿಯ ಕಡೆಗೆ ಹೊರಡುವ ಬಿಸಿ ಗಾಳಿಗೆ ಫ್ಲೂ ಗ್ಯಾಸ್ ಎನ್ನುತ್ತಾರೆ. ಅದರೊಳಗಿನ ಗಂಧಕವನ್ನು ತೆಗೆಯುವುದೇ ಡೀಸಲ್ಫರೈಸೇಶನ್. ಹೆಸರು ಉದ್ದವಾದರೂ ಕೆಲಸ ಸರಳ. ಸುಣ್ಣಕಲ್ಲಿನ ಪುಡಿ ಕಲೆಸಿದ ನೀರಿನಲ್ಲಿ ಹೊಗೆಯನ್ನು ತೊಳೆಯುತ್ತಾರೆ. ತೊಳೆದಾಗ ಗಂಧಕ ನೀರಿಗೆ ಇಳಿಯುತ್ತದೆ, ಸುಣ್ಣದ ಜೊತೆ ಸೇರುತ್ತದೆ, ಕೊನೆಗೆ ಜಿಪ್ಸಂ ಎಂಬ ಕಲ್ಲಾಗಿ ಹೊರಬರುತ್ತದೆ.

ಕಲ್ಲಿದ್ದಲಿನಲ್ಲಿ ಗಂಧಕ ಯಾಕಿದೆ?

ಕಲ್ಲಿದ್ದಲು ಕೋಟಿಗಟ್ಟಲೆ ವರ್ಷಗಳ ಹಿಂದೆ ಜೌಗು ನೆಲದಲ್ಲಿ ಹೂತುಹೋದ ಗಿಡಮರ. ಗಿಡದ ಮೈಯಲ್ಲೇ ಸ್ವಲ್ಪ ಗಂಧಕ ಇತ್ತು. ಕೆಲವು ಜೌಗುಗಳ ಮೇಲೆ ಸಮುದ್ರದ ನೀರು ಹರಿದಾಗ ಇನ್ನಷ್ಟು ಸೇರಿತು. ಹಾಗಾಗಿ ಒಂದೊಂದು ಗಣಿಯ ಕಲ್ಲಿದ್ದಲಿನಲ್ಲಿ ಒಂದೊಂದು ಪ್ರಮಾಣ. ಕೆಲವುದರಲ್ಲಿ ನೂರಕ್ಕೆ ಅರ್ಧ ಪಾಲೂ ಇರುವುದಿಲ್ಲ, ಕೆಲವುದರಲ್ಲಿ ನಾಲ್ಕು ಪಾಲು ದಾಟುತ್ತದೆ.

ಉರಿಸುವ ಮೊದಲೇ ತೆಗೆದುಬಿಡಬಾರದೇ ಎಂದು ಕೇಳಬಹುದು. ಸ್ವಲ್ಪ ಮಟ್ಟಿಗೆ ಆಗುತ್ತದೆ. ಗಂಧಕದ ಒಂದು ಭಾಗ ಕಬ್ಬಿಣದ ಜೊತೆ ಸೇರಿ ಪೈರೈಟ್ ಎಂಬ ಹೊಳೆಯುವ ಖನಿಜವಾಗಿ ಕಲ್ಲಿದ್ದಲಿನ ನಡುವೆ ಕೂತಿರುತ್ತದೆ. ಅದು ಕಲ್ಲಿದ್ದಲಿಗಿಂತ ಭಾರ. ಪುಡಿ ಮಾಡಿ ನೀರಿನಲ್ಲಿ ತೊಳೆದರೆ ಅಷ್ಟಿಷ್ಟು ಬೇರೆಯಾಗುತ್ತದೆ. ಉಳಿದದ್ದು ಕಲ್ಲಿದ್ದಲಿನ ಕಾರ್ಬನ್‌ಗೇ ಅಂಟಿಕೊಂಡಿರುತ್ತದೆ. ಎಷ್ಟು ತೊಳೆದರೂ ಅದು ಬಿಡುವುದಿಲ್ಲ, ಉರಿದಾಗ ಮಾತ್ರ ಬಿಡುತ್ತದೆ.

ಉರಿದಾಗ ಗಂಧಕದ ಒಂದು ಪರಮಾಣು ಆಮ್ಲಜನಕದ ಎರಡು ಪರಮಾಣುಗಳ ಜೊತೆ ಸೇರಿ ಸಲ್ಫರ್ ಡೈಆಕ್ಸೈಡ್ ಆಗುತ್ತದೆ. ಹೀಗೆ ಸೇರಿದಾಗ ತೂಕ ಎರಡರಷ್ಟಾಗುತ್ತದೆ. ಒಂದು ಕಿಲೋ ಗಂಧಕ ಉರಿದರೆ ಎರಡು ಕಿಲೋ ಅನಿಲ.

ಒಂದು ಲೆಕ್ಕ ಹಾಕಿ ನೋಡೋಣ. 500 ಮೆಗಾವ್ಯಾಟ್‌ನ ಒಂದು ಘಟಕ ಪೂರ್ತಿ ದಿನ ನಡೆದರೆ ಸುಮಾರು 6,000 ಟನ್ ಕಲ್ಲಿದ್ದಲು ಬೇಕಾಗಬಹುದು. ಅದರಲ್ಲಿ ಗಂಧಕ ಶೇಕಡಾ 1 ಇದ್ದರೆ 60 ಟನ್ ಗಂಧಕ ಉರಿದು 120 ಟನ್ ಅನಿಲವಾಗುತ್ತದೆ. ಇದು ಒಂದು ಘಟಕದ ಒಂದೇ ದಿನದ ಲೆಕ್ಕ. ಹಾಗಂತ ಹೊಗೆಯ ತುಂಬ ಅದೇ ತುಂಬಿರುತ್ತದೆ ಎಂದಲ್ಲ. ಅದೇ ಘಟಕದಿಂದ ಗಂಟೆಗೆ ಸುಮಾರು 20 ಲಕ್ಷ ಘನ ಮೀಟರ್ ಹೊಗೆ ಹೊರಡುತ್ತದೆ. ಅದರಲ್ಲಿ ಸಲ್ಫರ್ ಡೈಆಕ್ಸೈಡ್ ಇರುವುದು ಸಾವಿರಕ್ಕೆ ಒಂದು ಪಾಲಿಗೂ ಕಡಿಮೆ. ಇಷ್ಟು ದೊಡ್ಡ ಪ್ರವಾಹದೊಳಗೆ ಇಷ್ಟು ತೆಳ್ಳಗೆ ಹರಡಿರುವುದನ್ನು ಹೆಕ್ಕಿ ತೆಗೆಯಬೇಕು. ಕೆಲಸದ ಕಷ್ಟವೆಲ್ಲ ಇಲ್ಲೇ ಇದೆ.

ಹಾಗೇ ಬಿಟ್ಟರೆ ಏನಾಗುತ್ತದೆ?

ಸಲ್ಫರ್ ಡೈಆಕ್ಸೈಡ್‌ಗೆ ಬಣ್ಣವಿಲ್ಲ. ಬೆಂಕಿಕಡ್ಡಿ ಗೀರಿದಾಗ ಮೂಗಿಗೆ ಚುರುಕ್ಕೆಂದು ಬರುವ ಘಾಟಿನಲ್ಲಿ ಅದೂ ಇರುತ್ತದೆ. ಉಸಿರಿನ ಜೊತೆ ಒಳಗೆ ಹೋದರೆ ಶ್ವಾಸನಾಳಗಳು ಬಿಗಿಯುತ್ತವೆ. ಅಸ್ತಮಾ ಇರುವವರಿಗೆ ಕೆಲವೇ ನಿಮಿಷಗಳಲ್ಲಿ ತೊಂದರೆ ಶುರುವಾಗಬಹುದು. ಗಾಳಿಯಲ್ಲಿ ಇದರ 24 ಗಂಟೆಗಳ ಸರಾಸರಿ ಒಂದು ಘನ ಮೀಟರ್‌ಗೆ 40 ಮೈಕ್ರೋಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ.

ಆದರೆ ಅನಿಲವಾಗಿ ಮಾಡುವ ಹಾನಿ ಅರ್ಧ ಕಥೆ ಮಾತ್ರ. ಗಾಳಿಯಲ್ಲಿ ತೇಲುತ್ತ ತೇಲುತ್ತ ಅದು ಇನ್ನಷ್ಟು ಆಮ್ಲಜನಕ ಹಿಡಿದು ಸಲ್ಫೇಟ್ ಎಂಬ ಅತಿ ಸಣ್ಣ ಕಣವಾಗುತ್ತದೆ. ಪಿಎಂ 2.5 ಎಂದು ಹೇಳುತ್ತಾರಲ್ಲ, ಆ ಗಾತ್ರದ ಕಣ. ಚಿಮಣಿಯಲ್ಲಿ ಬೂದಿಯನ್ನೆಲ್ಲ ಹಿಡಿದರೂ ಈ ಕಣ ಹುಟ್ಟುವುದು ನಿಲ್ಲುವುದಿಲ್ಲ. ಯಾಕೆಂದರೆ ಚಿಮಣಿ ದಾಟುವಾಗ ಅದು ಇನ್ನೂ ಕಣವಾಗಿರುವುದಿಲ್ಲ, ಅನಿಲವಾಗಿರುತ್ತದೆ. ನೂರಾರು ಕಿಲೋಮೀಟರ್ ಆಚೆ ಕಣವಾಗಿ ಯಾರದೋ ಶ್ವಾಸಕೋಶ ಸೇರುತ್ತದೆ. ಮೋಡದ ನೀರಿಗೆ ಸೇರಿದರೆ ಆಮ್ಲ ಮಳೆ.

1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ ನಗರದ ಮೇಲೆ ಗಾಳಿ ಕದಲದೆ ನಿಂತಿತು. ಮನೆಮನೆಯ ಒಲೆಯ ಮತ್ತು ಕಾರ್ಖಾನೆಗಳ ಕಲ್ಲಿದ್ದಲು ಹೊಗೆ ಮಂಜಿನ ಜೊತೆ ಸೇರಿ ಕೆಳಗೇ ಉಳಿಯಿತು. ಆಗ ಸತ್ತವರು ಸುಮಾರು 4,000 ಎಂದು ಮೊದಲು ಲೆಕ್ಕ ಹಾಕಿದರು. ಆಮೇಲಿನ ಅಧ್ಯಯನಗಳು ಈ ಸಂಖ್ಯೆಯನ್ನು 12,000ದವರೆಗೂ ಒಯ್ದವು.

ಮೊದಮೊದಲು ಹೊಳೆದ ಪರಿಹಾರ ಚಿಮಣಿಯನ್ನು ಎತ್ತರಿಸುವುದು. ಕೆನಡಾದ ಸಡ್ಬರಿಯಲ್ಲಿ ನಿಕ್ಕಲ್ ಕರಗಿಸುವ ಕಾರ್ಖಾನೆಯೊಂದಕ್ಕೆ 1972ರಲ್ಲಿ 381 ಮೀಟರ್ ಎತ್ತರದ ಚಿಮಣಿ ಕಟ್ಟಿದರು. ಊರಿನ ಗಾಳಿ ತಿಳಿಯಾಯಿತು ನಿಜ, ಆದರೆ ಅನಿಲ ಕಡಿಮೆಯಾಗಲಿಲ್ಲ, ದೂರ ಹೋಗಿ ಬಿತ್ತು. ಯುರೋಪಿನಲ್ಲೂ ಹೀಗೇ ಆಯಿತು. ಬೇರೆ ದೇಶಗಳ ಹೊಗೆ ಸ್ವೀಡನ್ ಮತ್ತು ನಾರ್ವೆಯ ಕೆರೆಗಳಿಗೆ ಆಮ್ಲವಾಗಿ ಸುರಿದು ಮೀನುಗಳು ಸತ್ತವು. ಗಡಿ ದಾಟುವ ಹೊಗೆಯ ಬಗ್ಗೆ 1979ರಲ್ಲಿ ಜಿನೀವಾದಲ್ಲಿ ದೇಶಗಳು ಒಪ್ಪಂದಕ್ಕೆ ಸಹಿ ಹಾಕಿದ್ದು ಇದರಿಂದಲೇ. ಅನಿಲವನ್ನು ದೂರ ಕಳಿಸಿದರೆ ಸಾಲದು, ಅದು ಹೊರಡುವ ಜಾಗದಲ್ಲೇ ಹಿಡಿಯಬೇಕು ಎಂಬುದು ಆ ಹೊತ್ತಿಗೆ ಸ್ಪಷ್ಟವಾಗಿತ್ತು.

ಸುಣ್ಣಕಲ್ಲೇ ಯಾಕೆ?

ಅಮೃತಶಿಲೆಯ ನೆಲದ ಮೇಲೆ ಬಚ್ಚಲು ತೊಳೆಯುವ ಆಸಿಡ್ ಒಂದು ಹನಿ ಬಿದ್ದರೆ ಏನಾಗುತ್ತದೆ ಎಂದು ನೋಡಿದವರಿಗೆ ಗೊತ್ತು. ಬುಸ್ಸೆಂದು ನೊರೆ ಬರುತ್ತದೆ. ಒರೆಸಿದ ಮೇಲೆ ಆ ಜಾಗ ಹೊಳಪು ಕಳೆದುಕೊಂಡು ಒರಟಾಗಿರುತ್ತದೆ. ಅಮೃತಶಿಲೆಯೂ ಸುಣ್ಣಕಲ್ಲೂ ಮೂಲದಲ್ಲಿ ಒಂದೇ, ಎರಡೂ ಕ್ಯಾಲ್ಸಿಯಂ ಕಾರ್ಬೊನೇಟ್. ಆಮ್ಲ ತಗುಲಿದರೆ ಕಲ್ಲು ಕರಗಿ ಕ್ಯಾಲ್ಸಿಯಂ ನೀರಿಗೆ ಬರುತ್ತದೆ, ಕಾರ್ಬನ್ ಡೈಆಕ್ಸೈಡ್ ಗುಳ್ಳೆಯಾಗಿ ಹೋಗುತ್ತದೆ, ಆಮ್ಲದ ಹುಳಿ ಇಳಿಯುತ್ತದೆ.

ಹಳೆಯ ನಗರಗಳಲ್ಲಿ ಅಮೃತಶಿಲೆಯ ಪ್ರತಿಮೆಗಳ ಮೂಗು, ಬೆರಳು ಸವೆದು ಕರಿಯ ಹೊಪ್ಪಳೆ ಕಟ್ಟಿರುವುದನ್ನು ಚಿತ್ರಗಳಲ್ಲಾದರೂ ನೋಡಿರುತ್ತೀರಿ. ಆ ಹೊಪ್ಪಳೆ ಹೆಚ್ಚಿನ ಪಾಲು ಜಿಪ್ಸಂ. ಗಾಳಿಯಲ್ಲಿದ್ದ ಸಲ್ಫರ್ ಡೈಆಕ್ಸೈಡ್ ತೇವದ ಜೊತೆ ಸೇರಿ ಕಲ್ಲನ್ನು ತಿಂದು ಜಿಪ್ಸಂ ಮಾಡಿದೆ, ಮಸಿ ಅದಕ್ಕೆ ಅಂಟಿಕೊಂಡಿದೆ. ಹೊಗೆ ತೊಳೆಯುವ ಯಂತ್ರವಾದ ಸ್ಕ್ರಬ್ಬರ್‌ನ ಒಳಗೆ ನಡೆಯುವುದೂ ಇದೇ. ಪ್ರತಿಮೆಯ ಮೇಲೆ ಹತ್ತಾರು ವರ್ಷ ತೆಗೆದುಕೊಳ್ಳುವ ಕೆಲಸವನ್ನು ಗೋಪುರದೊಳಗೆ ಬೇಗ ಮಾಡಿಸುತ್ತೇವೆ, ಅಷ್ಟೇ. ಕಲ್ಲನ್ನು ತಿನ್ನುವ ಅದೇ ಗುಣವನ್ನು ನಮ್ಮ ಕಡೆ ತಿರುಗಿಸಿಕೊಂಡ ಈ ಉಪಾಯ ನನಗೆ ಯಾವತ್ತೂ ಇಷ್ಟ.

ಸುಟ್ಟ ಸುಣ್ಣ ಇನ್ನೂ ಚುರುಕಾಗಿ ಕೆಲಸ ಮಾಡುತ್ತದೆ. ಆದರೆ ಕಲ್ಲನ್ನು ಗೂಡಿನಲ್ಲಿ ಸುಡಲು ಮತ್ತೆ ಇಂಧನ ಬೇಕು. ಸುಣ್ಣಕಲ್ಲಿಗೆ ಅದು ಬೇಕಿಲ್ಲ. ಗಣಿಯಿಂದ ತಂದು ಅರೆದರೆ ಸಾಕು, ಭೂಮಿಯ ಮೇಲೆ ಅದು ಬೇಕಾದಷ್ಟು ಸಿಗುತ್ತದೆ.

ಗೋಪುರದೊಳಗೆ

ಬಾಯ್ಲರ್ ಬಿಟ್ಟ ಹೊಗೆಯಿಂದ ಮೊದಲು ಹಾರುಬೂದಿಯನ್ನು ತೆಗೆಯುತ್ತಾರೆ. ಇದಕ್ಕೆ ಇಎಸ್‌ಪಿ ಎಂಬ, ವಿದ್ಯುತ್ತಿನಿಂದ ಧೂಳನ್ನು ಎಳೆದುಕೊಳ್ಳುವ ಯಂತ್ರ ಇರುತ್ತದೆ. ಇಲ್ಲವೇ ದೊಡ್ಡ ದೊಡ್ಡ ಬಟ್ಟೆ ಚೀಲಗಳ ಸಾಲು ಇರುತ್ತದೆ. ಅಲ್ಲಿಂದ ಹೊಗೆ ಸುಮಾರು 130 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಅಬ್ಸಾರ್ಬರ್ ಎಂಬ ಗೋಪುರದ ಕೆಳಭಾಗಕ್ಕೆ ನುಗ್ಗುತ್ತದೆ.

ಇನ್ನೊಂದು ಕಡೆ ಸುಣ್ಣಕಲ್ಲನ್ನು ಬಾಲ್ ಮಿಲ್‌ನಲ್ಲಿ ಉಕ್ಕಿನ ಗುಂಡುಗಳ ನಡುವೆ ನುಣ್ಣಗೆ ಅರೆಯುತ್ತಾರೆ. ಹೆಚ್ಚಿನ ಕಣಗಳು 44 ಮೈಕ್ರಾನ್‌ಗಿಂತ ಸಣ್ಣಗಾಗಬೇಕು. ಕೂದಲೆಳೆಯ ದಪ್ಪಕ್ಕಿಂತಲೂ ಕಡಿಮೆ ಅಂದುಕೊಳ್ಳಿ. ನೀರು ಸೇರಿಸಿದರೆ ತೆಳು ಕೆಸರಿನ ಹಾಗಾಗುತ್ತದೆ. ಇದೇ ಸ್ಲರಿ. ಇದು ಗೋಪುರದ ತಳದ ತೊಟ್ಟಿಗೆ ಹೋಗುತ್ತದೆ. ತೊಟ್ಟಿಯಿಂದ ಭಾರಿ ಪಂಪುಗಳು ಸ್ಲರಿಯನ್ನು ಎತ್ತಿ ಗೋಪುರದ ಮೇಲ್ಭಾಗದಲ್ಲಿ ಮೂರರಿಂದ ಐದು ಸಾಲುಗಳಲ್ಲಿರುವ ನಾಜಲ್‌ಗಳಿಂದ ಸಿಂಪಡಿಸುತ್ತವೆ. ಹೊಗೆ ಮೇಲಕ್ಕೆ, ಹನಿ ಕೆಳಕ್ಕೆ.

ಯಾಕೆ ಹೀಗೆ ಎದುರುಬದುರು? ಬಟ್ಟೆ ಒಗೆಯುವಾಗ ಕೊನೆಯ ಸಲ ಜಾಲಿಸಲು ಶುದ್ಧ ನೀರನ್ನೇ ತೆಗೆದುಕೊಳ್ಳುತ್ತೇವೆ. ಇಲ್ಲೂ ಹಾಗೇ. ಮೇಲೇರುತ್ತ ಆಗಲೇ ಸಾಕಷ್ಟು ತಿಳಿಯಾದ ಹೊಗೆಗೆ ಆಗಷ್ಟೇ ನಾಜಲ್ ಬಿಟ್ಟ ಹೊಸ ಹನಿ ಸಿಗುತ್ತದೆ. ಉಳಿದ ಚೂರನ್ನೂ ಅದು ಹಿಡಿಯುತ್ತದೆ.

ಹನಿಯೇ ಯಾಕೆ, ನೀರಿನ ತೊಟ್ಟಿಯೊಳಗೆ ಹೊಗೆಯನ್ನು ಸುಮ್ನೆ ಹಾಯಿಸಿದರೆ ಆಗದೇ? ಹಾಗೆ ಗುಳ್ಳೆಯೆಬ್ಬಿಸಿ ತೊಳೆಯುವ ವಿನ್ಯಾಸಗಳೂ ಇವೆ. ಆದರೆ ಹೆಚ್ಚಿನ ಕಡೆ ಇರುವುದು ಹನಿಗಳೇ. ಅನಿಲ ನೀರಿಗೆ ಸೇರುವುದು ನೀರಿನ ಮೈಯ ಮೂಲಕ ಮಾತ್ರ. ಒಂದು ಲೀಟರ್ ನೀರನ್ನು 2 ಮಿಲಿಮೀಟರ್ ಅಗಲದ ಹನಿಗಳಾಗಿ ಒಡೆದರೆ ಎರಡು ಲಕ್ಷಕ್ಕೂ ಜಾಸ್ತಿ ಹನಿಗಳಾಗುತ್ತವೆ. ಅವುಗಳ ಮೈಯನ್ನೆಲ್ಲ ಬಿಡಿಸಿ ಹಾಸಿದರೆ 3 ಚದರ ಮೀಟರ್. ಅದೇ ಒಂದು ಲೀಟರ್ ನೀರು ಚೌಕದ ಡಬ್ಬಿಯಲ್ಲಿದ್ದರೆ ಆರೂ ಬದಿ ಸೇರಿ ಬರೀ 0.06 ಚದರ ಮೀಟರ್. ಐವತ್ತು ಪಟ್ಟು ವ್ಯತ್ಯಾಸ. ಒಂದು ಘನ ಮೀಟರ್ ಹೊಗೆಗೆ 15 ಲೀಟರ್ ಸ್ಲರಿ ಎಂದು ಹಿಡಿದರೆ ನಮ್ಮ 500 ಮೆಗಾವ್ಯಾಟ್ ಘಟಕಕ್ಕೆ ಗಂಟೆಗೆ ಮೂರು ಕೋಟಿ ಲೀಟರ್ ಸುರಿಯಬೇಕು. ಅಷ್ಟೂ ಹೊಸದಲ್ಲ, ತೊಟ್ಟಿಯಲ್ಲಿರುವುದೇ ಮತ್ತೆ ಮತ್ತೆ ಮೇಲೆ ಹೋಗಿ ಬರುತ್ತದೆ.

ಒಂದು ಹನಿಯನ್ನು ಹಿಂಬಾಲಿಸಿದರೆ

ನಾಜಲ್ ಬಿಟ್ಟ ಹನಿಯೊಂದನ್ನು ಹತ್ತಿರದಿಂದ ನೋಡೋಣ. ಅದರೊಳಗೆ ಸುಣ್ಣಕಲ್ಲಿನ ಕೆಲವು ಕಣಗಳಿವೆ. ಅದಕ್ಕಿಂತ ಎಷ್ಟೋ ಜಾಸ್ತಿ ಜಿಪ್ಸಂ ಹರಳುಗಳಿವೆ. ಅವು ಹಿಂದಿನ ಸುತ್ತುಗಳಲ್ಲಿ ಹುಟ್ಟಿದವು.

ಬಿಸಿ ಹೊಗೆ ಹನಿಗೆ ತಾಗುತ್ತಿದ್ದ ಹಾಗೆ ಸ್ವಲ್ಪ ನೀರು ಆವಿಯಾಗುತ್ತದೆ. ಒದ್ದೆ ಮೈಗೆ ಗಾಳಿ ತಾಗಿದರೆ ತಂಪಾಗುವಂತೆ ಇಲ್ಲಿ ಹೊಗೆ ತಣ್ಣಗಾಗಿ ಸುಮಾರು 50 ಡಿಗ್ರಿಗೆ ಇಳಿಯುತ್ತದೆ. ಸಲ್ಫರ್ ಡೈಆಕ್ಸೈಡ್ ಹನಿಯ ಮೈ ದಾಟಿ ಒಳಗೆ ಕರಗುತ್ತದೆ. ಕರಗಿದ್ದೇ ತಡ ಆಮ್ಲವಾಗುತ್ತದೆ. ಹನಿ ಇಳಿಯುತ್ತ ಇಳಿಯುತ್ತ ಹುಳಿಯೇರುತ್ತದೆ. ಆ ಹುಳಿ ಸುಣ್ಣಕಲ್ಲಿನ ಕಣವನ್ನು ಕಚ್ಚಲು ಶುರುಮಾಡುತ್ತದೆ. ಕಣ ಕರಗಿದಷ್ಟೂ ಹುಳಿ ಇಳಿಯುತ್ತದೆ, ಹುಳಿ ಇಳಿದಷ್ಟೂ ಇನ್ನೂ ಸ್ವಲ್ಪ ಅನಿಲಕ್ಕೆ ಜಾಗ ಸಿಗುತ್ತದೆ. ಆದರೆ ಹನಿ ಬೀಳಲು ಹಿಡಿಯುವುದು ಕೆಲವೇ ಸೆಕೆಂಡು. ಅಷ್ಟರಲ್ಲಿ ಕಲ್ಲು ಪೂರ್ತಿ ಕರಗುವುದಿಲ್ಲ. ಹನಿ ತೊಟ್ಟಿಗೆ ಬೀಳುತ್ತದೆ, ಉಳಿದ ಕೆಲಸ ಅಲ್ಲಿ ನಿಧಾನವಾಗಿ ಮುಗಿಯುತ್ತದೆ.

ಇತ್ತ ಹೊಗೆ ಮೇಲೇರಿ ಅಂಕುಡೊಂಕಾದ ಹಲಗೆಗಳ ಸಾಲಿನ ನಡುವೆ ನುಸುಳುತ್ತದೆ. ಅದರ ಜೊತೆ ಹಾರಿಬಂದ ತುಂತುರು ತಿರುವಿನಲ್ಲಿ ತಿರುಗಲಾರದೆ ಹಲಗೆಗೆ ಬಡಿದು ಕೆಳಗೆ ಸೋರುತ್ತದೆ. ಇದು ಮಿಸ್ಟ್ ಎಲಿಮಿನೇಟರ್. ಇಲ್ಲಿಂದ ಮುಂದೆ ಚಿಮಣಿ. ಚೆನ್ನಾಗಿ ನಡೆಯುವ ಸ್ಕ್ರಬ್ಬರ್ ಶೇಕಡಾ 95ರ ಆಸುಪಾಸು ಸಲ್ಫರ್ ಡೈಆಕ್ಸೈಡನ್ನು ಹಿಡಿಯುತ್ತದೆ.

ತೊಟ್ಟಿಗೆ ಗಾಳಿ ಊದುವುದು ಯಾಕೆ?

ತೊಟ್ಟಿಗೆ ಬಿದ್ದಾಗ ಗಂಧಕ ಸಲ್ಫೈಟ್ ಎಂಬ ರೂಪದಲ್ಲಿರುತ್ತದೆ. ಕ್ಯಾಲ್ಸಿಯಂ ಜೊತೆ ಅದು ಸೇರಿದರೆ ಚಪ್ಪಟೆಯಾದ ಸಣ್ಣ ಸಣ್ಣ ಹರಳು. ಅವುಗಳ ನಡುವೆ ನೀರು ಸಿಕ್ಕಿಕೊಂಡು ಹಿಂಡಿದರೂ ಬಿಡುವುದಿಲ್ಲ. ಎಲ್ಲಿ ಹಾಕಿದರೂ ಒಣಗದ ಲೊಳೆಯಾಗುತ್ತದೆ. ಅದಕ್ಕೇ ತೊಟ್ಟಿಯ ತಳಕ್ಕೆ ಬ್ಲೋಯರ್‌ಗಳಿಂದ ಗಾಳಿ ಊದುತ್ತಾರೆ. ಗಾಳಿಯ ಆಮ್ಲಜನಕ ಸಲ್ಫೈಟನ್ನು ಸಲ್ಫೇಟ್ ಮಾಡುತ್ತದೆ. ಸಲ್ಫೇಟ್, ಕ್ಯಾಲ್ಸಿಯಂ ಮತ್ತು ಎರಡು ಅಣು ನೀರು ಸೇರಿದರೆ ಜಿಪ್ಸಂ. ಇದರ ಹರಳು ದಪ್ಪ, ಮರಳಿನ ಹಾಗೆ. ಬಟ್ಟೆಯ ಪಟ್ಟಿಯ ಮೇಲೆ ಹರಡಿ ಕೆಳಗಿನಿಂದ ಗಾಳಿ ಎಳೆದರೆ ನೀರು ಬೇರೆಯಾಗಿ, ಶೇಕಡಾ 10ರಷ್ಟು ತೇವ ಮಾತ್ರ ಉಳಿದ ಪುಡಿ ಸಿಗುತ್ತದೆ.

ಈ ಗಾಳಿ ಊದುವ ವಿಷಯ ಸಣ್ಣದೆನಿಸಬಹುದು. ಆದರೆ ಈ ತಂತ್ರಜ್ಞಾನ ನೆಲೆನಿಂತದ್ದರಲ್ಲಿ ಅದರ ಪಾಲು ದೊಡ್ಡದು. 1970ರ ದಶಕದ ಹಲವು ಸ್ಕ್ರಬ್ಬರ್‌ಗಳು ಪದೇಪದೇ ನಿಲ್ಲುತ್ತಿದ್ದವು. ಕಾರಣ ಗಟ್ಟಿ ಪದರ. ಗಡಸು ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಹೊಪ್ಪಳೆ ಕೂರುತ್ತದಲ್ಲ, ಹಾಗೇ ನಾಜಲ್, ಕೊಳವೆ, ಹಲಗೆಗಳ ಮೇಲೆಲ್ಲ ಜಿಪ್ಸಂ ಕೂತು ಕಲ್ಲಾಗುತ್ತಿತ್ತು. ಹೊಗೆಯಲ್ಲೇ ಇರುವ ಆಮ್ಲಜನಕದಿಂದ ಸಲ್ಫೈಟ್ ಅರೆಬರೆ ಸಲ್ಫೇಟ್ ಆಗುತ್ತಿದ್ದುದೇ ಇದರ ಮೂಲ ಎಂದು ಆಮೇಲೆ ಗೊತ್ತಾಯಿತು. ಇದ್ದರೆ ಪೂರ್ತಿ ಆಗಬೇಕು, ಇಲ್ಲವೇ ತೀರಾ ಕಡಿಮೆ ಆಗಬೇಕು. ನಡುವೆ ನಿಂತರೆ ತೊಂದರೆ. ಗಾಳಿ ಊದಿ ತೊಟ್ಟಿಯಲ್ಲೇ ಪೂರ್ತಿ ಮುಗಿಸಿದರೆ ಸ್ಲರಿಯ ತುಂಬ ಜಿಪ್ಸಂ ಹರಳು ಇರುತ್ತದೆ. ಹೊಸ ಜಿಪ್ಸಂ ಕೊಳವೆಗೆ ಅಂಟುವ ಬದಲು ಆ ಹರಳುಗಳ ಮೇಲೇ ಬೆಳೆಯುತ್ತದೆ. ನಮ್ಮ ಹನಿಯೊಳಗೆ ಅಷ್ಟೊಂದು ಹಳೆಯ ಜಿಪ್ಸಂ ಇಟ್ಟುಕೊಂಡಿರುವುದು ಇದಕ್ಕಾಗಿಯೇ.

ಹುಳಿಯ ಹದ

ಸ್ಕ್ರಬ್ಬರ್ ನಡೆಸುವವರ ಕಣ್ಣು ಸದಾ ಇರುವುದು ಪಿಎಚ್ ಮೇಲೆ. ನೀರು ಎಷ್ಟು ಹುಳಿ ಎಂದು ಹೇಳುವ ಅಳತೆ ಅದು. 7 ಎಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ, ಕೆಳಗಿಳಿದಷ್ಟೂ ಹುಳಿ. ಇಲ್ಲಿ ಎರಡು ಕೆಲಸಗಳು ಎದುರುಬದುರು ಎಳೆಯುತ್ತವೆ. ಪಿಎಚ್ ಜಾಸ್ತಿ ಇದ್ದರೆ ಅನಿಲ ನೀರಿಗೆ ಸಲೀಸಾಗಿ ಇಳಿಯುತ್ತದೆ, ಆದರೆ ಸುಣ್ಣಕಲ್ಲು ಕರಗುವುದಿಲ್ಲ, ಜಿಪ್ಸಂ ಜೊತೆ ಹಾಗೇ ಹೊರಗೆ ಹೋಗಿ ಹಾಳಾಗುತ್ತದೆ. ಪಿಎಚ್ ಕಡಿಮೆ ಇದ್ದರೆ ಕಲ್ಲು ಚೆನ್ನಾಗಿ ಕರಗುತ್ತದೆ, ಆದರೆ ಆಗಲೇ ಹುಳಿಯಾದ ನೀರು ಇನ್ನಷ್ಟು ಅನಿಲವನ್ನು ಒಳಗೆ ಬಿಡುವುದಿಲ್ಲ. ಎರಡಕ್ಕೂ ಒಗ್ಗುವ ಹದ 5ರಿಂದ 6ರ ನಡುವೆ. ಪಿಎಚ್ ಇಳಿದರೆ ಹೊಸ ಸುಣ್ಣಕಲ್ಲು ಬಿಡುತ್ತಾರೆ, ಏರಿದರೆ ತಡೆಯುತ್ತಾರೆ.

ಒಮ್ಮೊಮ್ಮೆ ಎಷ್ಟು ಸುಣ್ಣಕಲ್ಲು ಹಾಕಿದರೂ ಪಿಎಚ್ ಏಳುವುದಿಲ್ಲ. ಗೋಪುರಕ್ಕೂ ಮೊದಲಿರುವ ಯಂತ್ರ ಬೂದಿಯನ್ನು ಸರಿಯಾಗಿ ಹಿಡಿಯದಿದ್ದರೆ ಬೂದಿಯಲ್ಲಿರುವ ಅಲ್ಯೂಮಿನಿಯಂ ಸ್ಲರಿಗೆ ಬರುತ್ತದೆ. ಅದು ಹೊಗೆಯ ಫ್ಲೋರೈಡ್ ಜೊತೆ ಸೇರಿ ಸುಣ್ಣಕಲ್ಲಿನ ಕಣಗಳ ಮೇಲೆ ಪೊರೆ ಕಟ್ಟುತ್ತದೆ. ಕಲ್ಲು ಇದ್ದೂ ಇಲ್ಲದಂತೆ. ಇದನ್ನು ಬ್ಲೈಂಡಿಂಗ್ ಎನ್ನುತ್ತಾರೆ. ಬೂದಿ ಹಿಡಿಯುವ ಯಂತ್ರ ಕೆಟ್ಟರೆ ಗಂಧಕ ಹಿಡಿಯುವ ಯಂತ್ರವೂ ಸೋಲುತ್ತದೆ.

ಕಲ್ಲಿದ್ದಲಿನ ಕ್ಲೋರೈಡ್‌ದು ಇನ್ನೊಂದು ತೊಂದರೆ. ಅದು ನೀರಿನಲ್ಲಿ ಕರಗಿ ಸುತ್ತು ಸುತ್ತಿದಂತೆಲ್ಲ ಜಾಸ್ತಿಯಾಗುತ್ತ, ಉಕ್ಕನ್ನು ತಿನ್ನುತ್ತದೆ. ಅದಕ್ಕಾಗಿ ಗೋಪುರದ ಒಳಗೋಡೆಗೆ ರಬ್ಬರ್ ಪದರ ಅಥವಾ ವಿಶೇಷ ಮಿಶ್ರಲೋಹ ಬೇಕು.

ಬಂದದ್ದೆಲ್ಲ ಎಲ್ಲಿಗೆ ಹೋಗುತ್ತದೆ?

ಮೊದಲಿನ ಲೆಕ್ಕಕ್ಕೆ ಮರಳೋಣ. ದಿನದ 120 ಟನ್‌ನಲ್ಲಿ ಶೇಕಡಾ 95 ಹಿಡಿದರೆ 114 ಟನ್. ಅದಕ್ಕೆ ಸುಮಾರು 190 ಟನ್ ಸುಣ್ಣಕಲ್ಲು ಬೇಕು. ಹೊರಗೆ ಬರುವ ಜಿಪ್ಸಂ 300 ಟನ್‌ಗೂ ಮೇಲೆ. ಜಿಪ್ಸಂನ ತೂಕದಲ್ಲಿ ಐದರಲ್ಲೊಂದು ಪಾಲು ನೀರೇ ಎಂಬುದು ಇದಕ್ಕೆ ಒಂದು ಕಾರಣ. ಹರಳಿನೊಳಗೆ ಅಡಗಿದ ಈ ನೀರಿನಿಂದಲೇ ಜಿಪ್ಸಂ ಹಲಗೆಗಳು ಬೆಂಕಿಯನ್ನು ಸ್ವಲ್ಪ ಹೊತ್ತು ತಡೆಯುತ್ತವೆ.

ಸ್ಕ್ರಬ್ಬರ್‌ನ ಜಿಪ್ಸಂ ಗೋಡೆ ಮತ್ತು ಒಳಮಾಡಿನ ಹಲಗೆಗೆ, ಸಿಮೆಂಟಿಗೆ, ಚೌಳು ನೆಲ ಸರಿಪಡಿಸಲು ಉಪಯೋಗವಾಗುತ್ತದೆ. ಸಿಮೆಂಟಿಗೆ ಸ್ವಲ್ಪ ಜಿಪ್ಸಂ ಸೇರಿಸದಿದ್ದರೆ ನೀರು ಹಾಕಿದ ಕೂಡಲೇ ಗಟ್ಟಿಯಾಗಿಬಿಡುತ್ತದೆ. ಕೊಳ್ಳುವವರು ಹತ್ತಿರದಲ್ಲಿಲ್ಲದಿದ್ದರೆ ಮಾತ್ರ ಇದೇ ಜಿಪ್ಸಂ ರಾಶಿ ಬೀಳುತ್ತದೆ, ಅದಕ್ಕೆ ಜಾಗ ಹುಡುಕಬೇಕು.

ನೀರಿನ ಲೆಕ್ಕವನ್ನು ಮರೆಯಬಾರದು. ಹೊಗೆ ತಣಿಸುವಾಗ ಗಂಟೆಗೆ ಹತ್ತಾರು ಟನ್ ನೀರು ಆವಿಯಾಗಿ ಹೋಗುತ್ತದೆ. ಕ್ಲೋರೈಡ್ ಕಟ್ಟಿಕೊಳ್ಳದಂತೆ ಆಗಾಗ ಹೊರಹಾಕುವ ನೀರಿನಲ್ಲಿ ಪಾದರಸ, ಸೆಲೆನಿಯಂನಂಥವು ಇರಬಹುದು. ಅದನ್ನು ಶುದ್ಧ ಮಾಡದೆ ಹೊಳೆಗೆ ಬಿಡುವ ಹಾಗಿಲ್ಲ. ಪಂಪು, ಬ್ಲೋಯರ್, ಮಿಲ್‌ಗಳಿಗೆ ಸ್ಥಾವರ ಮಾಡುವ ವಿದ್ಯುತ್ತಿನಲ್ಲೇ ಶೇಕಡಾ 1ರಿಂದ 2ರಷ್ಟು ಖರ್ಚಾಗುತ್ತದೆ. ಸುಣ್ಣಕಲ್ಲು ಕರಗುವಾಗ ಕಾರ್ಬನ್ ಡೈಆಕ್ಸೈಡೂ ಹೊರಬರುತ್ತದೆ, ನಮ್ಮ ಲೆಕ್ಕದಲ್ಲಿ ದಿನಕ್ಕೆ ಸುಮಾರು 78 ಟನ್. ಅದೇ ದಿನ ಕಲ್ಲಿದ್ದಲಿನಿಂದ ಬರುವುದು 10,000 ಟನ್‌ಗೂ ಮೇಲೆ. ಆ ಕಾರ್ಬನ್ ಡೈಆಕ್ಸೈಡನ್ನು ಈ ಯಂತ್ರ ಹಿಡಿಯುವುದಿಲ್ಲ. ಎಫ್‌ಜಿಡಿ ಹಾಕಿದರೆ ಹವಾಮಾನದ ಸಮಸ್ಯೆಯೂ ತೀರುತ್ತದೆ ಎಂದುಕೊಳ್ಳುವವರಿದ್ದಾರೆ. ಅದು ತಪ್ಪು ತಿಳಿವಳಿಕೆ.

ಚಿಮಣಿಯ ಬಿಳಿ ಮೋಡ

ಸ್ಕ್ರಬ್ಬರ್ ಇರುವ ಚಿಮಣಿಯಿಂದ ದಟ್ಟ ಬಿಳಿ ಹೊಗೆ ಏಳುತ್ತದೆ. ನೋಡಿದವರಿಗೆ ಮಾಲಿನ್ಯ ಜಾಸ್ತಿಯಾಯಿತೇನೋ ಎಂದು ಗಾಬರಿ. ಅದು ಬಹುಪಾಲು ನೀರಾವಿ. ತೊಳೆದ ಹೊಗೆ ಒದ್ದೆಯಾಗಿರುತ್ತದೆ, ಹೊರಗಿನ ತಂಪು ಗಾಳಿ ತಾಗಿದ ಕೂಡಲೇ ಆವಿ ಹನಿಗಟ್ಟಿ ಬೆಳ್ಳಗೆ ಕಾಣುತ್ತದೆ. ಹೊಗೆಯನ್ನು ಮತ್ತೆ ಬಿಸಿ ಮಾಡಿ ಬಿಡುವ ಸ್ಥಾವರಗಳಲ್ಲಿ ಈ ಮೋಡ ಅಷ್ಟಾಗಿ ಕಾಣುವುದಿಲ್ಲ. ತೊಳೆಯದ ಚಿಮಣಿಯಲ್ಲಿ ಬೂದಿ ಮಾತ್ರ ಹಿಡಿದಿದ್ದರೆ ಏನೂ ಕಾಣದೆಯೂ ಇರಬಹುದು, ಆದರೆ ದಿನಕ್ಕೆ ನೂರಾರು ಟನ್ ಅನಿಲ ಹೊರಗೆ ಹೋಗುತ್ತಿರುತ್ತದೆ. ಕಣ್ಣಿಗೆ ಇದು ಸಿಗುವುದಿಲ್ಲ. ಹೇಳಬೇಕಾದದ್ದು ಚಿಮಣಿಯೊಳಗೆ ಕೂರಿಸಿದ ಅಳತೆಯ ಉಪಕರಣ.

ಈ ಬಿಳಿ ಮೋಡಕ್ಕೆ ಒಂದು ಹಳೆಯ ಕಥೆಯಿದೆ. ಹೊಗೆ ತೊಳೆಯುವುದು ಇತ್ತೀಚಿನ ಕೆಲಸವಲ್ಲ. ಲಂಡನ್ನಿನ ಬ್ಯಾಟರ್ಸಿ ಸ್ಥಾವರದಲ್ಲಿ 1930ರ ದಶಕದಲ್ಲೇ ಥೇಮ್ಸ್ ನದಿಯ ನೀರಿನಿಂದ ಹೊಗೆ ತೊಳೆಯುತ್ತಿದ್ದರು. ಹಾಗೆ ಇಳಿದ ಗಂಧಕ ನದಿ ಸೇರುತ್ತಿತ್ತು. ಅದೇ ನಗರದ ಫುಲ್ಹಾಮ್ ಸ್ಥಾವರದಲ್ಲಿ ನೀರನ್ನು ನದಿಗೆ ಬಿಡದೆ ಮತ್ತೆ ಮತ್ತೆ ಸುತ್ತಿಸುವ, ಇಂದಿನದನ್ನೇ ಹೋಲುವ ಸ್ಕ್ರಬ್ಬರ್ ಇತ್ತು. ಅಷ್ಟರಲ್ಲಿ ಎರಡನೇ ಮಹಾಯುದ್ಧ ಶುರುವಾಯಿತು. ಚಿಮಣಿಯ ಬಿಳಿ ಮೋಡವನ್ನು ಗುರುತು ಮಾಡಿಕೊಂಡು ಶತ್ರು ವಿಮಾನಗಳು ನಗರದ ಮೇಲೆ ಬಂದಾವು ಎಂದು ಅದನ್ನು ನಿಲ್ಲಿಸಿಬಿಟ್ಟರು. ಆಮೇಲೆ ದೊಡ್ಡ ಪ್ರಮಾಣದಲ್ಲಿ ಹೊಗೆ ತೊಳೆಯುವ ಕೆಲಸ ಮತ್ತೆ ಶುರುವಾಗಿದ್ದು 1970ರ ಸುಮಾರಿಗೆ, ಜಪಾನ್ ಮತ್ತು ಅಮೆರಿಕದಲ್ಲಿ.